ದಿನಾರಿಗೆ ಹದಿಮೂರು ರೂಪಾಯಿ

ನಮ್ಮ ಯಜಮಾನರು ಕುವೈತಿಗೆ ಹೋದದ್ದು ೧೯೬೨ರಲ್ಲಿ. ಆಗ ಅಲ್ಲಿಯ ಒಂದು ದಿನಾರಿಗೆ ನಮ್ಮ ಹದಿಮೂರು ರೂಪಾಯಿ ಮೂವತ್ತಮೂರು ಪೈಸೆ. ದಿನಾರು ಅಲ್ಲಿಯವರಿಗೂ ಹೊಸದೇ. ಹಿಂದಿನ ವರ್ಷದವರೆಗೆ ಆ ದೇಶದಲ್ಲಿ ನಡೆಯುತ್ತಿದ್ದದ್ದು ರೂಪಾಯಿ. ನಮ್ಮ ದೇಶದ ಬ್ಯಾಂಕೇ ಬೇರೆ ಬಣ್ಣದಲ್ಲಿ ಅಚ್ಚು ಹಾಕಿಸಿ ಕಳಿಸುತ್ತಿದ್ದ ರೂಪಾಯಿ. ಇದನ್ನೆಲ್ಲ ನಾನು ತಿಳಿದುಕೊಂಡದ್ದು ಆಮೇಲೆ. ಆಗ ನನಗೆ ಗೊತ್ತಿದ್ದದ್ದು ಒಂದೇ ಸಂಖ್ಯೆ, ಹದಿಮೂರು. ಅದೂ ಪೂರ್ತಿ ಸರಿಯಲ್ಲ.

ಅವರು ಕುಮಟೆ ಪೇಟೆಯಲ್ಲಿ ಒಂದು ಜವಳಿ ಅಂಗಡಿಯ ಜಗಲಿಯ ಮೇಲೆ ಹೊಲಿಗೆ ಮಶೀನು ಇಟ್ಟುಕೊಂಡಿದ್ದರು. ಮದುವೆಯ ಕಾಲದಲ್ಲಿ ಕೈತುಂಬ ಕೆಲಸ, ಮಳೆಗಾಲದಲ್ಲಿ ನೊಣ ಹೊಡೆಯುವುದು. ಭಟ್ಕಳದ ಒಬ್ಬರು ಕುವೈತಿನಲ್ಲಿ ದರ್ಜಿಯ ಕೆಲಸಕ್ಕಿದ್ದವರು ರಜೆಯಲ್ಲಿ ಬಂದಾಗ ಇವರ ಕೈಕೆಲಸ ನೋಡಿ, “ಅಲ್ಲಿಗೆ ಬನ್ನಿ, ಸೂಟು ಹೊಲಿಯೂಕೆ ಜನ ಬೇಕು” ಅಂದರು. ನಮ್ಮವರು ಮುಂಬಯಿಗೆ ಹೋಗಿ ಹಡಗು ಹತ್ತಿದರು. ಮಶೀನನ್ನು ಮನೆಗೆ ತಂದಿಟ್ಟು ಹೋದರು. ಮನೆಯಲ್ಲಿ ಉಳಿದವರು ಅತ್ತೆ, ನಾನು, ಮೂರು ವರ್ಷದ ಮಗಳು.

ದುಡ್ಡು ಬರುವ ವ್ಯವಸ್ಥೆಯನ್ನು ಮಾಡಿಕೊಟ್ಟವರು ಅವರ ಸೋದರಮಾವ, ಎಂದರೆ ಅತ್ತೆಯ ತಮ್ಮ. ಹೊನ್ನಾವರ ಪೇಟೆಯಲ್ಲಿ ಅವರದು ಕಿರಾಣಿ ಅಂಗಡಿ. ಅವರ ಗುರುತಿನವನೊಬ್ಬ ಕುವೈತಿನಲ್ಲಿ ಅಂಗಡಿ ಇಟ್ಟಿದ್ದ. ನಮ್ಮವರು ತಿಂಗಳಿಗೆ ಎಂಟು ದಿನಾರು ಅವನ ಕೈಗೆ ಕೊಡಬೇಕು, ಮಾವ ಇಲ್ಲಿ ನನ್ನ ಕೈಗೆ ರೂಪಾಯಿ ಕೊಡಬೇಕು. ನಡುವೆ ಬ್ಯಾಂಕಿಲ್ಲ, ಪೋಸ್ಟಿಲ್ಲ, ಕಾಗದವಿಲ್ಲ. ಅದು ಕಾನೂನಿಗೆ ವಿರುದ್ಧ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಎಷ್ಟೋ ಮನೆಗಳಿಗೆ ದುಡ್ಡು ಬರುತ್ತಿದ್ದದ್ದು ಹಾಗೆಯೇ. ಮಾವ ದಿನಾರಿಗೆ ಹದಿಮೂರರಂತೆ ನೂರಾ ನಾಲ್ಕು ರೂಪಾಯಿ ಕೊಡುತ್ತಿದ್ದರು. ಮೇಲಿನ ಚಿಲ್ಲರೆ ಅವರ ಖರ್ಚಿಗೆ. ಅದರ ಬಗ್ಗೆ ನನಗೆ ತಕರಾರಿರಲಿಲ್ಲ.

ಪ್ರತಿ ತಿಂಗಳೂ ನಾನು ಬಸ್ಸು ಹತ್ತಿ ಹೊನ್ನಾವರಕ್ಕೆ ಹೋಗುತ್ತಿದ್ದೆ. ಮಾವ ಕೆಂಪು ಬಟ್ಟೆಯ ಲೆಕ್ಕದ ವಹಿ ತೆಗೆದು ಒಂದು ಸಾಲು ಬರೆಯುತ್ತಿದ್ದರು: “ಎಂಟು ದಿನಾರು ಮುಟ್ಟಿತು.” ಅದರ ಕೆಳಗೆ ನನ್ನ ಸೈ. ನಾನು ಏಳನೆಯ ಇಯತ್ತೆ ಪಾಸಾದವಳು, ಓದಲು ಬರೆಯಲು ಚೆನ್ನಾಗಿ ಬರುತ್ತಿತ್ತು. ಆ ಸಾಲಿನಲ್ಲಿ ರೂಪಾಯಿಯ ಮಾತೇ ಇಲ್ಲ ಎಂಬುದು ನಾಲ್ಕು ವರ್ಷ ನನ್ನ ಕಣ್ಣಿಗೆ ಬೀಳಲಿಲ್ಲ. ಇದನ್ನು ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

೧೯೬೬ರ ಜೂನ್‌ನಲ್ಲಿ ಸರ್ಕಾರ ರೂಪಾಯಿಯ ಬೆಲೆ ಇಳಿಸಿತು. ಪಕ್ಕದ ಮನೆಯ ರೇಡಿಯೋದಲ್ಲಿ ಕೇಳಿದೆ. ಪೇಟೆಯಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು; ಅದರ ಅರ್ಥ ಏನೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಮುಂದಿನ ಸಲ ಹೊನ್ನಾವರಕ್ಕೆ ಹೋದಾಗ ನಾನು ಮಾವನನ್ನು ನೇರವಾಗಿ ಕೇಳಿದೆ.

“ಮಾವ, ರೂಪಾಯಿ ಬೆಲೆ ಇಳಿದದೆ ಅಂತ ಹೇಳ್ತ್ರು. ನಮ್ಗೆಂತಾದ್ರೂ ಹೆಚ್ಚುಕಮ್ಮಿ ಆಗ್ತದಾ?”

ಅವರು ತಕ್ಕಡಿಯಿಂದ ಕಣ್ಣು ತೆಗೆಯಲಿಲ್ಲ. “ಅದು ಅಮೆರಿಕದವರ ಡಾಲರಿಗೆ, ಇಂಗ್ಲೆಂಡಿನ ಪೌಂಡಿಗೆ. ಅರಬ್ಬರ ದಿನಾರಿಗೆಂತ ಸಂಬಂಧ? ನಮ್ದು ಹದಿಮೂರು ಅಂದ್ರೆ ಹದಿಮೂರೇ. ಸೈ ಮಾಡು.”

ನಾನು ಸೈ ಮಾಡಿದೆ. ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೆ. ಕೇಳಬಾರದವರನ್ನು ಕೇಳಿದ್ದೆ.

ಆ ಮಳೆಗಾಲದಲ್ಲಿ ಎಲ್ಲದರ ಬೆಲೆ ಏರಿತು. ಅಕ್ಕಿ, ಸೀಮೆಎಣ್ಣೆ, ತೆಂಗಿನೆಣ್ಣೆ, ಅತ್ತೆಯ ಉಬ್ಬಸದ ಔಷಧಿ. ನೂರಾ ನಾಲ್ಕು ರೂಪಾಯಿ ತಿಂಗಳ ಇಪ್ಪತ್ತನೆಯ ತಾರೀಖಿಗೇ ಮುಗಿಯುತ್ತಿತ್ತು. ಯಜಮಾನರು ಇಟ್ಟುಹೋದ ಮಶೀನಿಗೆ ಎಣ್ಣೆ ಬಿಟ್ಟು ನಾನು ಕೇರಿಯ ಹೆಂಗಸರ ರವಿಕೆ ಹೊಲಿಯತೊಡಗಿದೆ. ಕುತ್ತಿಗೆಗೆ ಬಂದಾಗ ಅವರಿಗೆ ಬರೆದೆ: ಎಲ್ಲ ತುಟ್ಟಿಯಾಗಿದೆ, ಸಾಧ್ಯವಾದರೆ ತಿಂಗಳಿಗೆ ಒಂದು ದಿನಾರು ಹೆಚ್ಚು ಕಳಿಸಿ.

ಉತ್ತರ ಬರಲು ಮೂರು ವಾರ. ನೀಲಿ ಕಾಗದದಲ್ಲಿ, ಅವರ ಎಂದಿನ ದುಂಡಗಿನ ಅಕ್ಷರದಲ್ಲಿ: “ನಾನು ಕಳಿಸುವ ದಿನಾರು ಅಷ್ಟೇ ಇದ್ದರೂ ಈಗ ನಿನ್ನ ಕೈಗೆ ಮೊದಲಿನ ಒಂದೂವರೆ ಪಟ್ಟು ಸಿಗುತ್ತಿದೆ. ಇನ್ನೂ ಸಾಲುವುದಿಲ್ಲ ಎನ್ನುತ್ತೀಯಲ್ಲ. ಹಣ ಎಲ್ಲಿ ಹೋಗುತ್ತಿದೆ ಎಂದು ವಿವರವಾಗಿ ಬರೆ.”

ನಾನು ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಒಂದೂವರೆ ಪಟ್ಟು? ನನಗೆ ಸಿಗುತ್ತಿದ್ದದ್ದು ಅದೇ ನೂರಾ ನಾಲ್ಕು. ಹಾಗೆಂದು ಬರೆದೆ. ಅವರು ನನ್ನನ್ನು ಬಿಟ್ಟು ಮಾವನಿಗೆ ಬರೆದು ಕೇಳಿದರು. ಮಾವ, “ನಾನು ಸರ್ಕಾರದ ದರದಂತೆ ಪೂರ್ತಿ ಕೊಡುತ್ತಿದ್ದೇನೆ, ಅವಳ ಸೈ ನನ್ನ ಹತ್ತಿರ ಇದೆ” ಎಂದು ಉತ್ತರ ಕೊಟ್ಟರು. ಯಜಮಾನರ ಮುಂದಿನ ಕಾಗದದಲ್ಲಿ ನನಗೆಂದು ಇದ್ದದ್ದು ಎರಡೇ ಸಾಲು: “ಮಾವ ಎಲ್ಲ ತಿಳಿಸಿದ್ದಾರೆ. ಇನ್ನು ಮುಂದೆ ಸುಳ್ಳು ಬರೆಯಬೇಡ.”

ಅದೇ ಲಕೋಟೆಯಲ್ಲಿ ಅತ್ತೆಗೂ ಒಂದು ಕಾಗದವಿತ್ತು. ಅತ್ತೆಗೆ ಓದಲು ಬರುತ್ತಿರಲಿಲ್ಲ. ಅಷ್ಟು ದಿನ ಅವರ ಕಾಗದ ನಾನೇ ಓದಿ ಹೇಳುತ್ತಿದ್ದೆ. ಆ ಸಲ ಅವರು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪಕ್ಕದ ಮನೆಗೆ ಹೋಗಿ ಓದಿಸಿಕೊಂಡು ಬಂದರು. ಮಾರನೆಯ ದಿನದಿಂದ ಅಕ್ಕಿ ಡಬ್ಬಿಯೊಳಗೆ ಕೈ ಹಾಕಿ ನೋಡುವುದು, ನಾನು ಪೇಟೆಯಿಂದ ಬಂದರೆ ಚೀಲ ತೆರೆದು ನೋಡುವುದು.

ಹೀಗೇ ಒಂದು ಭಾನುವಾರ ಮಾವ ನಮ್ಮ ಮನೆಗೆ ಬಂದರು. ಕೈಯಲ್ಲಿ ಮಗಳಿಗೆಂದು ಪೆಪ್ಪರಮಿಂಟಿನ ಪೊಟ್ಟಣ. ಚಹಾ ಕುಡಿದು ಮುಗಿಸಿದ ಮೇಲೆ ಅತ್ತೆ ಒಳಗೆ ಹೋಗಿ ನನ್ನ ಟ್ರಂಕನ್ನು ಎಳೆದು ತಂದು ಅವರ ಮುಂದೆ ಇಟ್ಟರು.

“ಬೀಗ ತೆಗಿ,” ಅಂದರು ಅತ್ತೆ.

“ಯಾಕೆ?”

“ತೆಗಿ ಅಂದೆ. ನನ್ನ ಮಗ ಅಲ್ಲಿ ಉರಿಬಿಸಿಲಲ್ಲಿ ಬೇಯ್ತಿದ್ದ. ದುಡ್ಡು ಎಲ್ಲಿ ಹೋಗ್ತದೆ ಅಂತ ನೋಡ್ಬೇಕು.”

ನಾನು ತೆಗೆದೆ. ಮಾವ ಕುರ್ಚಿಯಿಂದ ಇಳಿದು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಒಂದೊಂದಾಗಿ ಹೊರಗೆ ಹಾಕಿದರು. ನನ್ನ ಧಾರೆಸೀರೆ, ಮಗಳ ಹಳೆಯ ಅಂಗಿಗಳು, ನನ್ನ ಒಳಲಂಗ, ಯಜಮಾನರ ಕಾಗದಗಳ ಕಟ್ಟು. ಕೊನೆಗೆ ಕರವಸ್ತ್ರದಲ್ಲಿ ಗಂಟು ಕಟ್ಟಿಟ್ಟ ಹನ್ನೊಂದು ರೂಪಾಯಿ ಸಿಕ್ಕಿತು. ರವಿಕೆ ಹೊಲಿದು ಬಂದದ್ದು. ಮಾವ ಅದನ್ನು ಎತ್ತಿ ಹಿಡಿದರು.

“ಇದೆಂತದು?”

“ಹೊಲಿಗೆ ದುಡ್ಡು.”

“ಹೊಲಿಗೆ ದುಡ್ಡು!” ಎಂದು ಅತ್ತೆಯ ಕಡೆ ನೋಡಿ ನಿಟ್ಟುಸಿರು ಬಿಟ್ಟರು. “ನೋಡು ಅಕ್ಕ, ನಾ ಎಂತದೂ ಹೇಳೂದಿಲ್ಲ. ನಿನ್ನ ಮನೆ, ನಿನ್ನ ಸೊಸೆ.”

ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಪೆಪ್ಪರಮಿಂಟು ಬಾಯಲ್ಲಿತ್ತು. ನಾನು ಬಟ್ಟೆಗಳನ್ನು ಮಡಚಿ ಮತ್ತೆ ಒಳಗಿಟ್ಟೆ. ಅಳು ಬರಲಿಲ್ಲ. ಮಡಿಕೆ ಮಾತ್ರ ಒಂದೂ ಸರಿಯಾಗಿ ಬರಲಿಲ್ಲ.

ಅಂದಿನಿಂದ ನನ್ನ ತಲೆಯಲ್ಲಿ ಒಂದೇ ವಿಚಾರ. ಸುಳ್ಳು ಹೇಳುತ್ತಿರುವವಳು ನಾನಲ್ಲ. ಯಜಮಾನರು ಒಂದೂವರೆ ಪಟ್ಟು ಎಂದು ಸುಮ್ಮನೆ ಬರೆಯುವವರಲ್ಲ. ಉಳಿದವರು ಒಬ್ಬರೇ. ಆದರೆ ಬಾಯಿಬಿಡಲು ನನಗೆ ಒಂದು ಅಂಕಿ ಬೇಕಿತ್ತು. ಕುಮಟೆಯ ಪೋಸ್ಟಿನಲ್ಲಿ ಕೇಳಿದೆ. ಅವರಿಗೆ ಪೌಂಡಿನದು ಗೊತ್ತು, ದಿನಾರಿನದು ಗೊತ್ತಿಲ್ಲ. ಶಾಲೆಯ ಮಾಸ್ತರರನ್ನು ಕೇಳಿದೆ. ಅವರು ಪೇಪರಿನಲ್ಲಿ ಹುಡುಕಿ, “ಇದ್ರಲ್ಲಿ ಬರೂದಿಲ್ಲ ತಂಗಿ” ಅಂದರು.

ಬೇಸಿಗೆಯಲ್ಲಿ ಆ ಭಟ್ಕಳದ ದರ್ಜಿ ರಜೆಯ ಮೇಲೆ ಊರಿಗೆ ಬಂದರು. ನಮ್ಮವರು ಅವರ ಕೈಯಲ್ಲಿ ಮಗಳಿಗೆ ಒಂದು ಫ್ರಾಕಿನ ಬಟ್ಟೆ ಕಳಿಸಿದ್ದರು. ಬಂದು ಒಯ್ಯಬೇಕೆಂದು ಕಾರ್ಡು ಬಂತು. ಅತ್ತೆ ಬೇಡ ಎನ್ನಲು ಕಾರಣವಿರಲಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಹೊನ್ನಾವರಕ್ಕೆ ಹೋಗಿ, ತಾರಿಯಲ್ಲಿ ಹೊಳೆ ದಾಟಿ, ಆಚೆ ದಡದಲ್ಲಿ ಇನ್ನೊಂದು ಬಸ್ಸು ಹಿಡಿದು ಭಟ್ಕಳ ಮುಟ್ಟುವಾಗ ಹನ್ನೊಂದು ಗಂಟೆ.

ಅವರ ಮನೆ ಉದ್ದ ಜಗಲಿಯ ಹಳೆಯ ಮನೆ. ಹೆಂಡತಿ ನನ್ನನ್ನು ಒಳಗೆ ಕರೆದು ಕೂರಿಸಿ ಶರಬತ್ತು ಕೊಟ್ಟರು. ಮನೆಯವರ ಜೊತೆ ಅವರ ಮಾತು ನವಾಯತಿಯಲ್ಲಿ, ನನ್ನ ಜೊತೆ ಕನ್ನಡದಲ್ಲಿ. ನಾನು ಸುತ್ತುಬಳಸದೆ ಕೇಳಿದೆ.

“ಅಕ್ಕಾ, ನಿಮ್ಗೆ ದಿನಾರಿಗೆ ಎಷ್ಟು ಸಿಗ್ತದೆ?”

“ಮೊದಲು ಹದಿಮೂರು ಚಿಲ್ಲರೆ ಸಿಗ್ತಿತ್ತು. ಈಗ ಇಪ್ಪತ್ತೊಂದು,” ಅಂದರು ಅವರು, ಅಕ್ಕಿಯ ಬೆಲೆ ಹೇಳಿದಷ್ಟು ಸಲೀಸಾಗಿ. “ಕಳೆದ ವರ್ಷ ಮಳೆ ಹಿಡಿದಾಗಿಂದ. ಯಾಕೆ?”

“ನಂಗೆ ಸರಿಯಾಗಿ ಗೊತ್ತಾಗ್ಬೇಕು,” ಅಂದೆ. ಅವರು ಗಂಡನನ್ನು ಕರೆದರು. ಅವರು ಬಾಗಿಲಾಚೆ ನಿಂತೇ ಕೇಳಿಸಿಕೊಂಡು, ಒಳಗಿನಿಂದ ಬ್ಯಾಂಕಿನ ಒಂದು ಚೀಟಿ ತರಿಸಿ ತೋರಿಸಿದರು. ಅವರು ಕಳಿಸುತ್ತಿದ್ದದ್ದು ಬ್ಯಾಂಕಿನ ಡ್ರಾಫ್ಟು. ಹತ್ತು ದಿನಾರು, ಎದುರಿಗೆ ಇನ್ನೂರ ಹತ್ತು ರೂಪಾಯಿ.

“ನಿಮ್ಗೆಷ್ಟು ಕೊಡ್ತಾರೆ?” ಎಂದು ಕೇಳಿದರು.

“ಹದಿಮೂರು.”

ಅವರು ಚೀಟಿಯನ್ನು ಮಡಚಿದರು. “ನಿಮ್ಮ ಯಜಮಾನ್ರು ಅಲ್ಲಿ ಊಟ ಬಿಟ್ಟು ಕೂತದ್ದು ನೋಡಿದ್ದೆ. ಮನೇಲಿ ದುಡ್ಡು ಪೋಲಾಗ್ತದೆ ಅಂತ ಕೊರಗೂದು. ಇದಾ ಸಂಗತಿ!”

ಆ ಹೆಂಗಸು ಊಟ ಮಾಡಿ ಹೋಗು ಎಂದು ಕೈ ಹಿಡಿದು ಎಳೆದರು. ನಾನು ಕೂರಲಿಲ್ಲ. ಬಸ್ಸಿನಲ್ಲಿ ಬೆರಳು ಮಡಚಿ ಲೆಕ್ಕ ಹಾಕಿದೆ. ಎಂಟು ದಿನಾರಿಗೆ ನೂರಾ ಅರವತ್ತೆಂಟು ಬರಬೇಕಿತ್ತು. ತಿಂಗಳಿಗೆ ಅರವತ್ತನಾಲ್ಕು ರೂಪಾಯಿ. ಹತ್ತು ತಿಂಗಳಿಗೆ ಆರುನೂರ ನಲವತ್ತು. ಅಷ್ಟನ್ನು ಒಳಗೆ ಹಾಕಿಕೊಂಡ ಮನುಷ್ಯ ನನ್ನ ಹನ್ನೊಂದು ರೂಪಾಯಿಯನ್ನು ಎತ್ತಿ ಹಿಡಿದು, ಇದೆಂತದು ಎಂದು ಕೇಳಿದ್ದ. ಅದುವರೆಗೆ ನಾನು ಅವರನ್ನು ಮನಸ್ಸಿನಲ್ಲಿ ಕೂಡ ಏಕವಚನದಲ್ಲಿ ನೆನೆದವಳಲ್ಲ.

ತಾರಿ ದಾಟಿದವಳು ಕುಮಟೆಯ ಬಸ್ಸು ಹತ್ತಲಿಲ್ಲ. ನೇರ ಅಂಗಡಿಗೆ ಹೋದೆ. ನಾಲ್ಕೈದು ಗಿರಾಕಿಗಳಿದ್ದರು.

“ಮಾವ, ದಿನಾರಿಗೆ ಇಪ್ಪತ್ತೊಂದು ರೂಪಾಯಿ ಅಂತೆ.”

ಅವರು ಸಕ್ಕರೆ ಕಟ್ಟುತ್ತಿದ್ದರು. ಕೈ ನಿಲ್ಲಲಿಲ್ಲ. “ಯಾರು ಹೇಳಿದ್ರು?”

“ಭಟ್ಕಳದಲ್ಲಿ ಬ್ಯಾಂಕಿನ ಚೀಟಿ ನೋಡ್ಕಂಡೇ ಬಂದೆ. ಹತ್ತು ತಿಂಗ್ಳಾತು, ತಿಂಗ್ಳಿಗೆ ಅರವತ್ನಾಲ್ಕು ರೂಪಾಯಿ ನೀವು ಇಟ್ಕಂಡ್ರಿ.”

“ಮೆಲ್ಲಗೆ ಮಾತಾಡು. ಒಳಗೆ ಬಾ.”

“ಒಳಗೆ ಬರೂದಿಲ್ಲ. ಇಲ್ಲೇ ಹೇಳಿ.”

ಅವರು ದನಿ ತಗ್ಗಿಸಿದರು. “ಅದು ಸರ್ಕಾರದ ದರ. ನಮ್ಮ ದಾರಿ ಬೇರೆ. ಸಿಕ್ಕಿಬಿದ್ರೆ ಜೈಲಿಗೆ ಹೋಗೂದು ನಾನು, ನೀನಲ್ಲ.”

“ಹಂಗಾದ್ರೆ ಪೂರ್ತಿ ಕೊಡ್ತೆ ಅಂತ ನಮ್ಮನೆಯವ್ರಿಗೆ ಯಾಕೆ ಬರೆದ್ರಿ?”

ಅವರು ಸಕ್ಕರೆಯ ಪೊಟ್ಟಣಕ್ಕೆ ದಾರ ಸುತ್ತಿದರು.

“ನನ್ನ ಟ್ರಂಕು ಬಿಚ್ಚಿ ಹುಡುಕೂಕೆ ಬಂದ್ರಲ್ಲ. ಆ ದುಡ್ಡು ಎಲ್ಲಿ ಅದೆ ಅಂತ ನಿಮ್ಗೆ ಗೊತ್ತಿತ್ತಲ್ಲ ಮಾವ?”

ಗಿರಾಕಿಗಳೆಲ್ಲ ನಮ್ಮನ್ನೇ ನೋಡುತ್ತಿದ್ದರು. ಅವರು ವಹಿ ತೆಗೆದು ನನ್ನ ಸೈ ತೋರಿಸಿದರು. “ಎಂಟು ದಿನಾರು ಮುಟ್ಟಿತು ಅಂತ ನೀನೇ ಸೈ ಮಾಡಿದ್ದೆ. ಹೋಗು, ಪೊಲೀಸರಿಗೆ ಹೇಳು. ಮೊದ್ಲು ಹಿಡಿಯೂದು ನಿನ್ನ ಗಂಡನ್ನ.”

ಅದು ನಿಜವೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ನಾನು ಬಾಗಿಲಲ್ಲೇ ನಿಂತು ಗಿರಾಕಿಗಳಿಗೆ ಕೇಳುವಂತೆ ಲೆಕ್ಕ ಹೇಳಿದೆ. ಇಪ್ಪತ್ತೊಂದರಲ್ಲಿ ಹದಿಮೂರು ಕಳೆದರೆ ಎಂಟು, ಎಂಟೆಂಟಲೆ ಅರವತ್ತನಾಲ್ಕು. ಎರಡು ಸಲ ಹೇಳಿದೆ. ಮಾವ ಅವರಿಗೆ, “ಗಂಡ ದೂರ ಇದ್ದ ಹೆಂಗಸು, ತಲೆ ಸರಿ ಇಲ್ಲ” ಅಂದರು. ಒಬ್ಬ ಮುದುಕ ಹೌದೆಂಬಂತೆ ತಲೆ ಆಡಿಸಿದ. ಆ ಮುದುಕ ಯಾರೋ ನನಗೆ ಗೊತ್ತಿಲ್ಲ. ಅವನ ಮೇಲೂ ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಮಾವನ ಕೈಯಿಂದಲೇ ದುಡ್ಡು ತೆಗೆದುಕೊಳ್ಳುವ ಇನ್ನೊಬ್ಬ ಹೆಂಗಸು ಹಳದೀಪುರದಲ್ಲಿದ್ದಳು. ಅವಳ ಮನೆಗೂ ಹೋಗಿ ಹೇಳಿದೆ. ಇಬ್ಬರೂ ಸೇರಿ ಹೋಗೋಣ ಅಂದೆ. ಅವಳು ಹೂಂ ಅಂದಳು. ಎಂಟು ದಿನ ಬಿಟ್ಟು ಕುಮಟೆಯ ಸಂತೆಯಲ್ಲಿ ಸಿಕ್ಕಿದಾಗ ಮುಖ ತಿರುಗಿಸಿದಳು. ಬೆನ್ನು ಹತ್ತಿ ಕೇಳಿದ್ದಕ್ಕೆ, “ನಂಗೆ ಹದಿನಾರು ಕೊಡ್ತೆ ಅಂದಿದ್ರು, ಯಾರಿಗೂ ಹೇಳ್ಬೇಡ ಅಂದಿದ್ರು” ಅಂದಳು. ಅಷ್ಟಕ್ಕೇ ಅವಳು ಸಂತೋಷವಾಗಿದ್ದಳು.

ಮನೆಯಲ್ಲಿ ಅತ್ತೆಗೆ ಹೇಳಿದರೆ, “ನನ್ನ ತಮ್ಮ ಹಂಗೆ ಮಾಡೂಂವ ಅಲ್ಲ” ಎಂದು ಒಂದೇ ಮಾತು. ನಾನು ಯಜಮಾನರಿಗೆ ಕಾಗದ ಬರೆದು ಪೋಸ್ಟಿಗೆ ಹಾಕದೆ, ಭಟ್ಕಳದ ದರ್ಜಿ ತಿರುಗಿ ಹೋಗುವಾಗ ಅವರ ಕೈಯಲ್ಲೇ ಕೊಟ್ಟೆ. ಕಾಗದವನ್ನು ನಂಬದಿದ್ದರೂ ಆ ಮನುಷ್ಯನನ್ನು ನಂಬಿಯಾರು ಅಂತ. ಹಾಗೆಯೇ ಆಯಿತು. ಹೆಂಡತಿಯ ಮಾತಿಗೆ ಆಗದ ಕೆಲಸ ಜೊತೆಗಾರನ ಮಾತಿಗೆ ಆಯಿತು. ಉತ್ತರ ಬಂತು: “ಮುಂದಿನ ತಿಂಗಳಿಂದ ಡ್ರಾಫ್ಟು ನಿನ್ನ ಹೆಸರಿಗೆ ಬರುತ್ತದೆ. ಕುಮಟೆಯ ಬ್ಯಾಂಕಿನಲ್ಲಿ ಖಾತೆ ತೆರೆ.” ಹಿಂದಿನ ಕಾಗದಗಳ ಬಗ್ಗೆ, ಸುಳ್ಳು ಎಂಬ ಪದದ ಬಗ್ಗೆ ಒಂದಕ್ಷರವಿಲ್ಲ. ಹಾಳೆ ತಿರುಗಿಸಿಯೂ ನೋಡಿದೆ.

ಅದುವರೆಗೆ ನಾನು ಬ್ಯಾಂಕಿನ ಮೆಟ್ಟಿಲು ಹತ್ತಿದವಳಲ್ಲ. ಹತ್ತಿ ನೋಡಿದರೆ ಹೆದರುವಂಥದ್ದು ಅಲ್ಲೇನೂ ಇರಲಿಲ್ಲ. ಡ್ರಾಫ್ಟು ಮುಂಬಯಿಗೆ ಹೋಗಿ ಪಾಸಾಗಿ ಬರಲು ಹದಿನೈದು ದಿನ ಹಿಡಿಯಿತು. ಕಮಿಷನ್ ಹಿಡಿದು ಉಳಿದದ್ದನ್ನು ಗುಮಾಸ್ತರು ಎಣಿಸಿ ಕೊಟ್ಟರು. ಮನೆಗೆ ಬಂದು ಅತ್ತೆಯ ಮುಂದೆ ನೋಟುಗಳನ್ನು ಹರಡಿ, ಕಮಿಷನ್ನಿನ ಚೀಟಿಯನ್ನೂ ಪಕ್ಕದಲ್ಲಿಟ್ಟು, ಮೊದಲಿಂದ ಎಣಿಸಿ ತೋರಿಸಿದೆ. ಅವರು ನೋಡಿದರು, ಗೋಡೆಯ ಕಡೆ ತಿರುಗಿ ಮಲಗಿದರು.

೧೯೬೮ರಲ್ಲಿ ಯಜಮಾನರು ರಜೆಯ ಮೇಲೆ ಬಂದರು. ಮಗಳು ಗುರುತು ಹಿಡಿಯಲಿಲ್ಲ. ಬಂದ ನಾಲ್ಕನೆಯ ದಿನ ಬೆಳಿಗ್ಗೆ ಬಿಳಿ ಅಂಗಿ ಹಾಕಿಕೊಂಡು, ಒಂದು ಟಾರ್ಚು, ಒಂದು ಸೆಂಟಿನ ಬಾಟಲಿ ಕಾಗದದಲ್ಲಿ ಸುತ್ತಿಕೊಂಡು ಹೊರಟರು. ಎಲ್ಲಿಗೆ ಎಂದು ಕೇಳಿದೆ.

“ಹೊನ್ನಾವರಕ್ಕೆ. ಮಾವ ಊಟಕ್ಕೆ ಕರೆದಿದ್ರು. ನೀನೂ ಬಾ.”

“ಆರುನೂರ ನಲವತ್ತು ರೂಪಾಯಿ ಕೊಟ್ರಾ?”

“ಹೋದದ್ದು ಹೋತು. ಅಷ್ಟಕ್ಕೆಲ್ಲ ಸಂಬಂಧ ಬಿಡೂಕೆ ಆಗ್ತದಾ?”

“ನನ್ನ ಟ್ರಂಕು ಬಿಚ್ಚಿದ್ರು. ಒಳಲಂಗ ಎತ್ತಿ ಹೊರಗೆ ಹಾಕಿದ್ರು. ಮಗಳು ನೋಡ್ತಿದ್ದಿತ್ತು.”

ಅವರು ನಿಂತರು. “ಯಾರು?”

“ನಿಮ್ಮ ಮಾವ. ಇದೇ ಜಗಲಿ ಮೇಲೆ. ನಿಮ್ಮ ಕಾಗದ ಬಂದ ಮೇಲೆ.”

“ಇದನ್ನ ನೀ ಬರೀಲಿಲ್ಲ.”

“ಸುಳ್ಳು ಬರೀಬೇಡ ಅಂದಿದ್ರಿ.”

ಅವರು ಜಗಲಿಯ ತುದಿಯಲ್ಲಿ ಕೂತರು. ಟಾರ್ಚಿನ ಪೊಟ್ಟಣ ತೊಡೆಯ ಮೇಲೇ ಇತ್ತು. ಅತ್ತೆ ಒಳಗಿನಿಂದ, “ಬಸ್ಸು ತಪ್ತದೆ” ಎಂದು ಕೂಗಿದರು. ಅವರು ಏಳಲಿಲ್ಲ. ಆ ದಿನ ಹೊನ್ನಾವರಕ್ಕೆ ಹೋಗಲಿಲ್ಲ. ನಾನು ಗೆದ್ದೆ ಎಂದುಕೊಂಡೆ. ಮರುವಾರ ನಾನು ಮಗಳನ್ನು ಕರೆದುಕೊಂಡು ಪೇಟೆಗೆ ಹೋದಾಗ ಅವರು ತಾಯಿಯ ಜೊತೆ ಹೋಗಿ, ಉಂಡು, ಸಂಜೆಯೊಳಗೆ ಬಂದರು. ಟಾರ್ಚು ಮನೆಯಲ್ಲಿರಲಿಲ್ಲ. ರಾತ್ರಿ ನಾನೇ ಬಡಿಸಿದೆ, ಅವರು ಹಸಿವಿಲ್ಲ ಅಂದರು. ಹಸಿವು ಹೇಗಿದ್ದೀತು!

ರಜೆ ಮುಗಿದು ಹೊರಟಾಗ ಕುಮಟೆಯ ಬಸ್‌ಸ್ಟ್ಯಾಂಡಿನವರೆಗೆ ಹೋದೆ. ಬಸ್ಸು ಹತ್ತುವ ಮುಂಚೆ ಹೇಳಿದೆ: “ಇನ್ನು ಕಾಗದ ಬರೆಯುವಾಗ ಕ್ಷೇಮಸಮಾಚಾರ ಆಮೇಲೆ. ದಿನಾರಿಗೆ ಎಷ್ಟು ನಡೀತದೆ, ಅದನ್ನ ಮೊದಲು ಬರೀರಿ.”

“ಆತು,” ಅಂದರು.

ಬರೆದರು. ಆಮೇಲಿನ ಅಷ್ಟೂ ವರ್ಷ ಪ್ರತಿ ಕಾಗದದ ಮೊದಲ ಸಾಲು ದರ. ನಮ್ಮ ಮಗಳು ಅದನ್ನು ಅಪ್ಪ ಕೇಳಿದ ಕ್ಷಮೆ ಎನ್ನುತ್ತಾಳೆ. ಇರಬಹುದು. ಕ್ಷಮೆ ಕೇಳುವವರು ಬಾಯಿಬಿಟ್ಟು ಕೇಳಬೇಕು. ನಾನು ಅದನ್ನು ದರ ಎಂದೇ ಓದುತ್ತಿದ್ದೆ, ಓದಿ, ಬ್ಯಾಂಕಿನ ಚೀಟಿಯ ಜೊತೆ ತಾಳೆ ನೋಡುತ್ತಿದ್ದೆ. ಆರುನೂರ ನಲವತ್ತು ರೂಪಾಯಿ ಕೊನೆಗೂ ಬರಲಿಲ್ಲ. ಮಾವ ತೀರಿಕೊಂಡಾಗ, ಎಷ್ಟೋ ಮನೆಗಳಿಗೆ ಅನ್ನ ಕೊಟ್ಟವರು ಎಂದು ಜನ ಮಾತಾಡಿದರಂತೆ. ನಾನು ಹೋಗಲಿಲ್ಲ.